ಏನೂ ಮಾಡದೆ ಬಿಟ್ಟ ನೆಲ

ಬ್ಯಾಜರ್ ತನ್ನ ಸರಹದ್ದನ್ನು ಹಿಕ್ಕೆಯಿಂದ ಗುರುತಿಸುತ್ತದೆ. ಮುಂಗಾಲಿನ ಉಗುರಿನಿಂದ ಸಣ್ಣ ಗುಂಡಿ ತೋಡಿ, ಅದರಲ್ಲಿ ಹಿಕ್ಕೆ ಹಾಕಿ, ಮಣ್ಣು ಮುಚ್ಚದೆ ಹಾಗೇ ಬಿಟ್ಟು ಹೋಗುತ್ತದೆ. ಇಂಗ್ಲೆಂಡಿನ ನೈಋತ್ಯ ಜಿಲ್ಲೆಗಳಾದ ಗ್ಲಾಸ್ಟರ್‌ಶೈರ್, ಡೆವನ್, ಕಾರ್ನ್‌ವಾಲ್ ಕಡೆ ಗಿಡಬೇಲಿಗಳ ಬುಡದಲ್ಲಿ ಇಂಥ ಗುಂಡಿಗಳ ಸಾಲೇ ಸಿಗುತ್ತದೆ. ರಾತ್ರಿ ಎರೆಹುಳು ತಿಂದಿದ್ದರೆ ಹಿಕ್ಕೆ ಕಪ್ಪಗೆ, ನೀರುನೀರಾಗಿ ಇರುತ್ತದೆ. ಗೋಧಿ ಮಾಗುವ ಕಾಲದಲ್ಲಿ ಅದರ ತುಂಬ ಕಾಳಿನ ಸಿಪ್ಪೆ. ಪಕ್ಕದ ಮುಳ್ಳುತಂತಿಯ ಕೆಳಗಿನ ಎಳೆಯಲ್ಲಿ ಒರಟು ಕೂದಲು ಸಿಕ್ಕಿಕೊಂಡಿದ್ದರೆ ಬಿಡಿಸಿಕೊಂಡು ಬೆರಳುಗಳ ನಡುವೆ ಹೊರಳಿಸಿ ನೋಡಬೇಕು. ಬುಡವೂ ತುದಿಯೂ ಬಿಳಿ, ನಡುವೆ ಒಂದು ಕಪ್ಪು ಪಟ್ಟಿ. ನಾಯಿಯ ಕೂದಲು ಸಲೀಸಾಗಿ ಉರುಳುತ್ತದೆ. ಬ್ಯಾಜರ್ ಕೂದಲು ತಡೆತಡೆದು ಉರುಳುತ್ತದೆ, ಏಕೆಂದರೆ ಅದು ದುಂಡಗಿಲ್ಲ, ಚಪ್ಪಟೆ.

ಬಿಳಿ ಮುಖದ ಮೇಲೆ ಎರಡು ಕಪ್ಪು ಪಟ್ಟೆ, ಗಿಡ್ಡ ಕಾಲು, ಹತ್ತು ಕಿಲೋ ಆಸುಪಾಸಿನ ತೂಕ. ನಮ್ಮ ಬಯಲುಸೀಮೆಯ ಕುರುಚಲು ಕಾಡುಗಳಲ್ಲಿ ಕ್ಯಾಮೆರಾ ಟ್ರ್ಯಾಪ್‌ಗೆ ಅಪರೂಪಕ್ಕೆ ಸಿಗುವ ತರಕರಡಿ ಇದರ ದೂರದ ಬಳಗ. ತರಕರಡಿ ಹೆಚ್ಚಾಗಿ ಒಂಟಿ. ಇಂಗ್ಲೆಂಡಿನ ಬ್ಯಾಜರ್ ಮಾತ್ರ ಕುಟುಂಬಸ್ಥ. ನಾಲ್ಕೋ ಎಂಟೋ ಒಂದೇ ಬಿಲದಲ್ಲಿ ಬದುಕುತ್ತವೆ, ಆ ಬಿಲ ತಲೆಮಾರುಗಳಿಂದ ಬಂದದ್ದಿರುತ್ತದೆ. ಮೇ ತಿಂಗಳ ಒಂದು ಸಂಜೆ ಗ್ಲಾಸ್ಟರ್‌ಶೈರ್‌ನ ಇಳಿಜಾರೊಂದರಲ್ಲಿ ಗಾಳಿಗೆ ಎದುರಾಗಿ ಕೂತು ನೋಡಿದ್ದೇನೆ. ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ. ಬಿಲದ ಬಾಯಲ್ಲಿ ಮೊದಲು ಮೂಗು ಮಾತ್ರ ಕಂಡಿತು. ಬಹಳ ಹೊತ್ತು ಅದು ಗಾಳಿ ಮೂಸುತ್ತಲೇ ಇತ್ತು. ಆಮೇಲೆ ಹೊರಬಂದು, ಹಿಂಗಾಲ ಮೇಲೆ ಕೂತು, ಹೊಟ್ಟೆ ಕೆರೆದುಕೊಂಡಿತು. ಇನ್ನೊಂದು ಬಂತು, ಮರಿಗಳು ಬಂದವು. ದೊಡ್ಡದೊಂದು ಒಣಹುಲ್ಲನ್ನು ಗಲ್ಲದ ಕೆಳಗೆ ಅವುಚಿಕೊಂಡು ಹಿಂದುಹಿಂದಕ್ಕೆ ಸರಿಯುತ್ತ ಬಿಲದೊಳಗೆ ಎಳೆದುಕೊಂಡು ಹೋಯಿತು. ಹಾಸಿಗೆ ಬದಲಾಯಿಸುವುದರಲ್ಲಿ ಬ್ಯಾಜರ್ ಬಹಳ ಅಚ್ಚುಕಟ್ಟು.

ಮಳೆ ಬಿದ್ದ ರಾತ್ರಿ ಎರೆಹುಳುಗಳು ಮೇಲೆ ಬರುತ್ತವೆ. ಹುಲ್ಲು ಗಿಡ್ಡವಾಗಿದ್ದಲ್ಲಿ ಅವು ಸುಲಭವಾಗಿ ಸಿಗುತ್ತವೆ, ಹುಲ್ಲನ್ನು ಗಿಡ್ಡವಾಗಿಡುವುದು ದನಗಳು. ಹೀಗಾಗಿ ಹಗಲು ದನ ಮೇಯ್ದ ಗಾವಲಿನಲ್ಲೇ ರಾತ್ರಿ ಬ್ಯಾಜರ್ ಮೇಯುತ್ತದೆ. ಎರಡಕ್ಕೂ ಒಂದೇ ಕಾಯಿಲೆ ಇರುವುದರ ಗುಟ್ಟು ಈ ಗಾವಲಿನಲ್ಲಿದೆ.

ಕಾಯಿಲೆ ದನದ ಕ್ಷಯ. ಅದನ್ನು ಪತ್ತೆ ಹಚ್ಚುವ ಬಗೆ ಹೀಗೆ: ಪಶುವೈದ್ಯರು ದನದ ಕತ್ತಿನಲ್ಲಿ ಒಂದರ ಕೆಳಗೊಂದು ಎರಡು ಕಡೆ ಕೂದಲು ಕತ್ತರಿಸಿ, ಚರ್ಮದ ಮಡಿಕೆಯ ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆದು ಬರೆದುಕೊಳ್ಳುತ್ತಾರೆ. ಮೇಲಿನ ಜಾಗಕ್ಕೆ ಹಕ್ಕಿಯ ಕ್ಷಯದ ಟ್ಯುಬರ್ಕ್ಯುಲಿನ್ (ರೋಗಾಣುವಿನ ಸಾರ) ಚುಚ್ಚುತ್ತಾರೆ, ಕೆಳಗಿನದಕ್ಕೆ ದನದ ಕ್ಷಯದ್ದು. 72 ಗಂಟೆ ಬಿಟ್ಟು ಬಂದು ಮತ್ತೆ ಅಳೆಯುತ್ತಾರೆ. ಕೆಳಗಿನ ಬಾವು ಮೇಲಿನದಕ್ಕಿಂತ ನಿಗದಿತ ಮಿತಿ ಮೀರಿ ಹೆಚ್ಚಾಗಿದ್ದರೆ ಆ ದನ ಕಸಾಯಿಖಾನೆಗೆ ಹೋಗಬೇಕು. ಗಬ್ಬದ ಹಸುವಾದರೂ ಸರಿ, ಮೈಯಲ್ಲಿ ಯಾವ ಲಕ್ಷಣವೂ ಕಾಣದಿದ್ದರೂ ಸರಿ. ಮಂದೆ ಶುದ್ಧವೆಂದು ಮತ್ತೆ ರುಜುವಾತಾಗುವ ತನಕ ಆ ಮನೆಯಿಂದ ಎಂದಿನಂತೆ ದನ ಮಾರುವಂತಿಲ್ಲ. ಹೆಸರಿಟ್ಟು ಸಾಕಿದ ಹಸುಗಳು ಲಾರಿ ಹತ್ತುವುದನ್ನು ನೋಡುವ ರೈತ ಅದಕ್ಕೆ ಕಾರಣ ಯಾರೆಂದು ಕೇಳುತ್ತಾನೆ. ಆ ಕೋಪ ನ್ಯಾಯವಾದದ್ದು.

1971ರಲ್ಲಿ ಗ್ಲಾಸ್ಟರ್‌ಶೈರ್‌ನಲ್ಲಿ ಸತ್ತುಬಿದ್ದ ಬ್ಯಾಜರ್ ಒಂದರಲ್ಲಿ ಕ್ಷಯ ಪತ್ತೆಯಾಯಿತು. 1975ರಿಂದ ಸರಕಾರ ಬಿಲಗಳಿಗೆ ಸೈನೈಡ್ ಅನಿಲ ಬಿಡಲು ಶುರುಮಾಡಿತು. ಅದು ಕ್ರೂರವೆಂದು 1982ರಲ್ಲಿ ನಿಲ್ಲಿಸಿ ಬೋನಿನಲ್ಲಿ ಹಿಡಿದು ಗುಂಡಿಡುವ ಕ್ರಮ ಬಂತು. ಥಾರ್ನ್‌ಬರಿ ಎಂಬಲ್ಲಿ ಬ್ಯಾಜರ್‌ಗಳನ್ನು ಪೂರಾ ತೆಗೆದ ಮೇಲೆ ಹತ್ತು ವರ್ಷ ದನಗಳಲ್ಲಿ ಕ್ಷಯ ಕಾಣಲಿಲ್ಲ ಎಂಬುದು ಕೊಲ್ಲಬೇಕೆನ್ನುವವರ ದೊಡ್ಡ ಆಧಾರ. ಆದರೆ ದೇಶದಾದ್ಯಂತ ನೋಡಿದರೆ ಕೊಲ್ಲುತ್ತಿದ್ದ ವರ್ಷಗಳಲ್ಲಿ ರೋಗ ಇಳಿದದ್ದೂ ಉಂಟು, ಏರಿದ್ದೂ ಉಂಟು. ಇಪ್ಪತ್ತು ವರ್ಷ ಕೊಂದ ಮೇಲೂ, ಕೊಲ್ಲುವುದರಿಂದ ದನಗಳಿಗೆ ಎಷ್ಟು ಲಾಭವಾಯಿತು ಎಂಬ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡಲು ಯಾರಿಗೂ ಆಗಲಿಲ್ಲ.

ಉತ್ತರ ಸಿಗದಿರಲು ಕಾರಣವಿದೆ. ರೋಗ ಅತಿ ಹೆಚ್ಚಾದ ಊರಿಗೇ ಬೋನು ಹೋಗುತ್ತಿತ್ತು. ಅತಿ ಹೆಚ್ಚಾದದ್ದು ಮರುವರ್ಷ ಯಾರೇನೂ ಮಾಡದಿದ್ದರೂ ಸ್ವಲ್ಪ ಇಳಿಯುವುದು ಸಹಜ. ನಮ್ಮಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಸಾಗುವಾನಿ ತೋಪುಗಳಿಗೆ ಎಲೆತಿನ್ನುವ ಕಂಬಳಿಹುಳು ಬೀಳುತ್ತದೆ. ಮರಗಳೆಲ್ಲ ಬೋಳು. ಯಾರಾದರೂ ಆ ವಾರ ಔಷಧಿ ಹೊಡೆದರೆ ಮುಂದಿನ ಪಕ್ಷದಲ್ಲಿ ಹುಳು ಮಾಯ, ಹೊಸ ಚಿಗುರು. ಔಷಧಿ ಹೊಡೆಯದ ತೋಪಿನಲ್ಲೂ ಅಷ್ಟೇ ದಿನದಲ್ಲಿ ಹುಳು ಕೋಶ ಕಟ್ಟಿಕೊಂಡಿರುತ್ತದೆ, ಅಷ್ಟೇ ಚಿಗುರು ಬಂದಿರುತ್ತದೆ. ಆ ತೋಪನ್ನು ಹೋಗಿ ನೋಡಿದವನಿಗೆ ಮಾತ್ರ ಔಷಧಿಯ ಬೆಲೆ ಗೊತ್ತು.

ಆಕ್ಸ್‌ಫರ್ಡಿನ ಪ್ರಾಣಿಶಾಸ್ತ್ರಜ್ಞ ಜಾನ್ ಕ್ರೆಬ್ಸ್ ಅವರಿಗೆ ಸರಕಾರ ಬ್ಯಾಜರ್ ಪ್ರಶ್ನೆಯನ್ನು ಒಪ್ಪಿಸಿದ್ದು ನನಗೆ ಬಹಳ ಸರಿಯೆನಿಸುತ್ತದೆ. ಅವರು ಮೂಲತಃ ಹಕ್ಕಿಗಳನ್ನು ನೋಡಿದವರು. ತರುಣರಾಗಿದ್ದಾಗ ಆಕ್ಸ್‌ಫರ್ಡ್ ಪಕ್ಕದ ವೈಥಮ್ ಕಾಡಿನಲ್ಲಿ, ಸರಹದ್ದು ಹಿಡಿದು ಗೂಡು ಕಟ್ಟುತ್ತಿದ್ದ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳನ್ನು ಜಾಗದಿಂದ ತೆಗೆದು ಏನಾಗುತ್ತದೆಂದು ಕಾದು ನೋಡಿದ್ದರು. ತೆರವಾದ ಜಾಗ ಬಹಳ ದಿನ ಖಾಲಿ ಉಳಿಯಲಿಲ್ಲ. ಕಾಡಿನ ಹೊರಗೆ, ಗಿಡಬೇಲಿಗಳಲ್ಲಿ ಹೇಗೋ ದಿನ ತಳ್ಳುತ್ತಿದ್ದ ಹಕ್ಕಿಗಳು ಬಂದು ತುಂಬಿದವು. 1971ರಲ್ಲಿ ಅದು ಪ್ರಕಟವಾಯಿತು. ಒಂದು ಪ್ರಾಣಿಯನ್ನು ತೆಗೆದರೆ ಅದು ಇದ್ದ ಜಾಗಕ್ಕೂ ಏನೋ ಆಗುತ್ತದೆ, ಪಕ್ಕದ ಪ್ರಾಣಿಗಳಿಗೂ ಏನೋ ಆಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಅವರು. 1997ರ ವರದಿಯಲ್ಲಿ ಅವರು ಹೇಳಿದ್ದರ ತಿರುಳು ಇಷ್ಟು: ಈ ನೀತಿಯನ್ನು ವಾದದಿಂದ ತೀರ್ಮಾನಿಸಲು ಬಾರದು, ನೆಲದ ಮೇಲೆ ಪ್ರಯೋಗ ಮಾಡಿ ನೋಡಬೇಕು.

1998ರಲ್ಲಿ ಪ್ರಯೋಗ ಶುರುವಾಯಿತು. ಪಶುವೈದ್ಯ ವಿಜ್ಞಾನಿ ಜಾನ್ ಬೋರ್ನ್ ಮುಖ್ಯಸ್ಥರಾಗಿದ್ದ ಸ್ವತಂತ್ರ ತಂಡದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಡೇವಿಡ್ ಕಾಕ್ಸ್, ಕ್ರಿಸ್ಟಲ್ ಡೊನೆಲಿ ಇದ್ದರು, ವನ್ಯಜೀವಿ ವಿಜ್ಞಾನಿ ರೋಸಿ ವುಡ್ರಫ್ ಇದ್ದರು. ಕ್ಷಯ ಹೆಚ್ಚಿರುವ ಸೀಮೆಗಳಲ್ಲಿ ತಲಾ ಸುಮಾರು 100 ಚದರ ಕಿಲೋಮೀಟರಿನ 30 ತುಂಡು ನೆಲ ಆರಿಸಿದರು. ಒಂದನ್ನೊಂದು ಹೋಲುವ ಮೂರು ಮೂರನ್ನು ಸೇರಿಸಿ ಹತ್ತು ಗುಂಪು ಮಾಡಿದರು. ಪ್ರತಿ ಗುಂಪಿನಲ್ಲಿ ಒಂದು ತುಂಡಿನಲ್ಲಿ ಬ್ಯಾಜರ್‌ಗಳನ್ನು ಸಾಧ್ಯವಾದಷ್ಟೂ ಹಿಡಿದು ಕೊಲ್ಲುವುದು, ವರ್ಷ ವರ್ಷವೂ. ಇನ್ನೊಂದರಲ್ಲಿ ದನಕ್ಕೆ ಕ್ಷಯ ಬಂದ ಮನೆಯ ಸುತ್ತಮುತ್ತ ಮಾತ್ರ ಕೊಲ್ಲುವುದು. ಮೂರನೆಯದರಲ್ಲಿ ಬಿಲ, ಹಿಕ್ಕೆಗುಂಡಿಗಳ ಸಮೀಕ್ಷೆ ಮಾಡಿ ಸುಮ್ಮನಿರುವುದು. ಯಾವ ತುಂಡಿಗೆ ಯಾವುದು ಎಂಬುದನ್ನು ಮಂತ್ರಿಯೂ ಅಧಿಕಾರಿಯೂ ವಿಜ್ಞಾನಿಯೂ ಹೇಳುವಂತಿರಲಿಲ್ಲ. ಸಮೀಕ್ಷೆ ಮುಗಿದ ಮೇಲೆ ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಟ್ಟು ನಿರ್ಧಾರ. ಮೂರೂ ಕಡೆ ದನಗಳ ಕ್ಷಯ ಪರೀಕ್ಷೆ ಎಂದಿನಂತೆ ನಡೆಯುತ್ತಿತ್ತು.

ಹೀಗೆ ಅದೃಷ್ಟಕ್ಕೆ ಬಿಡುವ ಪದ್ಧತಿ ಹುಟ್ಟಿದ್ದು ಕಚೇರಿಯಲ್ಲಿ ಅಲ್ಲ, ಹೊಲದಲ್ಲಿ. ರೊನಾಲ್ಡ್ ಫಿಶರ್ 1919ರಲ್ಲಿ ರೋಥಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ ಬಂದಾಗ ಅಲ್ಲಿ ದಶಕಗಳ ಗೊಬ್ಬರ ಪ್ರಯೋಗಗಳ ಲೆಕ್ಕ ರಾಶಿ ಬಿದ್ದಿತ್ತು. ಹೊಲದ ಒಂದು ಮೂಲೆಯಲ್ಲಿ ತೇವ ಹೆಚ್ಚು, ಇನ್ನೊಂದರಲ್ಲಿ ಮಣ್ಣು ತೆಳು. ಗೊಬ್ಬರವನ್ನು ನಮಗೆ ತೋಚಿದ ಮಡಿಗೆ ಹಾಕಿದರೆ ಬೆಳೆದ ಪೈರು ಗೊಬ್ಬರದ ಗುಣವೋ ಮಣ್ಣಿನ ಗುಣವೋ ಹೇಳಲಾಗದು. ಮಡಿಗಳನ್ನು ಅದೃಷ್ಟಕ್ಕೆ ಬಿಟ್ಟು ಹಂಚಿದರೆ ಕಣ್ಣಿಗೆ ಕಾಣದ ವ್ಯತ್ಯಾಸಗಳೂ ಎರಡೂ ಕಡೆ ಹಂಚಿಹೋಗುತ್ತವೆ. ಮಣ್ಣನ್ನು ಗೌರವಿಸುವವನ ಉಪಾಯ ಅದು. ಬಡವರಿಗೆ ಧನಸಹಾಯ, ಶಾಲೆಗೆ ಔಷಧ, ಕೆಲಸವಿಲ್ಲದವರಿಗೆ ತರಬೇತಿ ಮುಂತಾದ ಯೋಜನೆಗಳನ್ನು ಇಂದು ಒರೆಗೆ ಹಚ್ಚುವವರಲ್ಲಿ ಅನೇಕರು ಬಳಸುವುದು ಇದನ್ನೇ.

ಕೊಲ್ಲುವುದಕ್ಕಿಂತ ನನ್ನ ಮನಸ್ಸು ಹೋಗುವುದು ಎಣಿಸುವ ಕೆಲಸದ ಕಡೆಗೆ. ಯಾವ ಕುಟುಂಬದ ಸೀಮೆ ಎಲ್ಲಿಯವರೆಗೆ ಎಂದು ತಿಳಿಯಲು ಚಳಿಗಾಲದ ಕೊನೆ, ವಸಂತದ ಆರಂಭದಲ್ಲಿ ಕಡಲೆಕಾಯಿ ಬೀಜಕ್ಕೆ ಸಕ್ಕರೆ ಪಾಕ ಬೆರೆಸಿ, ಅದರೊಳಗೆ ಜೀರ್ಣವಾಗದ ಪುಟಾಣಿ ಬಣ್ಣದ ಪ್ಲಾಸ್ಟಿಕ್ ಮಣಿಗಳನ್ನು ಹಾಕಿ ಬಿಲದ ಬಾಯಲ್ಲಿ ಇಡುತ್ತಾರೆ. ಒಂದೊಂದು ಬಿಲಕ್ಕೆ ಒಂದೊಂದು ಬಣ್ಣ. ಬ್ಯಾಜರ್‌ಗೆ ಕಡಲೆಕಾಯಿ ಎಂದರೆ ಪ್ರಾಣ. ಆಮೇಲೆ ಗಿಡಬೇಲಿಗಳ ಗುಂಟ, ಹಳ್ಳದ ದಂಡೆಯ ಗುಂಟ ನಡೆದು ಪ್ರತಿ ಹಿಕ್ಕೆಗುಂಡಿಯನ್ನು ಕಡ್ಡಿಯಿಂದ ಕೆದಕಿ ಯಾವ ಬಣ್ಣದ ಮಣಿ ಇದೆ ಎಂದು ನಕ್ಷೆಯಲ್ಲಿ ಗುರುತು ಹಾಕಬೇಕು. ಮಳೆಗೆ ಹಿಕ್ಕೆ ಕರಗಿ ಮಣಿ ಮಾತ್ರ ಉಳಿದಿರುತ್ತದೆ, ಕೆಲವು ಮಣ್ಣಿನಲ್ಲಿ ಹೂತಿರುತ್ತವೆ. ಕೆಂಪು ಮಣಿಯ ಗುಂಡಿಗಳನ್ನೆಲ್ಲ ಗೆರೆಯಿಂದ ಜೋಡಿಸಿದರೆ ಒಂದು ಕುಟುಂಬದ ನಾಡು ಮೂಡುತ್ತದೆ, ಹಳದಿಯದು ಪಕ್ಕದ ನಾಡು. ಯಾರೂ ಕೈಹಚ್ಚದ ಸೀಮೆಯಲ್ಲಿ ಈ ಗೆರೆಗಳು ಒಂದರ ಮೇಲೊಂದು ಅಷ್ಟಾಗಿ ಹಾಯುವುದಿಲ್ಲ. ಗಡಿಯ ಗುಂಡಿಯಲ್ಲಿ ಎರಡು ಬಣ್ಣ ಸಿಗುತ್ತದೆ; ಎರಡೂ ಮನೆಯವರು ಅಲ್ಲಿಗೆ ಬಂದು ತಮ್ಮ ವಾಸನೆ ಬಿಟ್ಟು ಹಿಂದಿರುಗಿದ್ದಾರೆ.

ಪ್ರಯೋಗ ನೆಟ್ಟಗೆ ನಡೆಯಲಿಲ್ಲ. ಎಲ್ಲ ಜಮೀನುದಾರರೂ ಒಪ್ಪಿಗೆ ಕೊಡಲಿಲ್ಲ. ಪ್ರಾಣಿಪ್ರಿಯರು ಬೋನುಗಳನ್ನು ಕೆಡಿಸಿದರು, ಹೊತ್ತೊಯ್ದರು. ಹಾಲು ಕುಡಿಯುವ ಮರಿಗಳು ಬಿಲದಲ್ಲೇ ಸಾಯಬಾರದೆಂದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೊಲ್ಲುವುದನ್ನು ನಿಲ್ಲಿಸುತ್ತಿದ್ದರು. 2001ರಲ್ಲಿ ಕಾಲುಬಾಯಿ ಜ್ವರ ಬಂದು ಹಳ್ಳಿಗಾಡಿನ ಓಡಾಟವೇ ನಿಂತಿತು, ಪ್ರಯೋಗವೂ ಕೆಲಕಾಲ ನಿಂತಿತು. ಇಷ್ಟೆಲ್ಲದರ ನಡುವೆ 2005ರ ಹೊತ್ತಿಗೆ ಒಟ್ಟು 10,979 ಬ್ಯಾಜರ್ ಸತ್ತಿದ್ದವು.

ಮೊದಲ ಉತ್ತರ ಬಂದದ್ದು 2003ರ ನವೆಂಬರಿನಲ್ಲಿ, ಯಾರೂ ಎಣಿಸದ ದಿಕ್ಕಿನಿಂದ. ರೋಗ ಬಂದ ಮನೆಯ ಸುತ್ತ ಮಾತ್ರ ಬ್ಯಾಜರ್ ಕೊಂದ ತುಂಡುಗಳಲ್ಲಿ ದನದ ಕ್ಷಯ, ಸುಮ್ಮನೆ ಬಿಟ್ಟ ತುಂಡುಗಳಿಗೆ ಹೋಲಿಸಿದರೆ, ಶೇ. 27ರಷ್ಟು ಹೆಚ್ಚಾಗಿತ್ತು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಇಂಗ್ಲೆಂಡ್ ಹೆಚ್ಚುಕಡಿಮೆ ಇದನ್ನೇ ಮಾಡಿಕೊಂಡು ಬಂದಿತ್ತು. ಸರಕಾರ ಆ ಭಾಗವನ್ನು ಕೂಡಲೇ ನಿಲ್ಲಿಸಿತು. ಸುಮ್ಮನೆ ಬಿಟ್ಟ ನೆಲ ಇಲ್ಲದಿದ್ದರೆ ಈ ಏರಿಕೆ ಕಾಣುತ್ತಲೇ ಇರಲಿಲ್ಲ. ರೋಗ ಎಲ್ಲೆಡೆ ಏರುತ್ತಿದ್ದ ಕಾಲವಾದ್ದರಿಂದ ‘ಇನ್ನಷ್ಟು ಕೊಲ್ಲಿ’ ಎಂಬ ಕೂಗಷ್ಟೇ ಏಳುತ್ತಿತ್ತು.

ಹೀಗೇಕಾಯಿತು ಎಂದು ಹೇಳಿದ್ದು ಮಣಿಗಳು. ಕೊಂದ ಕಡೆಯ ನಕ್ಷೆಗಳಲ್ಲಿ ಗಡಿಗಳು ಕಲಸಿಹೋಗಿದ್ದವು. ಉಳಿದ ಬ್ಯಾಜರ್‌ಗಳು ಮೊದಲಿಗಿಂತ ದೂರ ತಿರುಗುತ್ತಿದ್ದವು, ಒಂದು ಕುಟುಂಬದ ನಾಡು ಇನ್ನೊಂದರ ಮೇಲೆ ಹಾಯುತ್ತಿತ್ತು. ಗಡಿ ಕಾಯುವ ನೆರೆಯವರು ಇಲ್ಲವಾದ ಮೇಲೆ ಗುಂಡಿಯ ಹತ್ತಿರ ಬಂದು ಹಿಂದಿರುಗಬೇಕಾದ ಅಗತ್ಯವೇನು? ಹೊರಗಿನವು ಒಳಗೆ ಬಂದವು, ಒಳಗಿನವು ಹೊರಗೆ ಹೋದವು. ಹೆಚ್ಚು ಬ್ಯಾಜರ್‌ಗಳನ್ನು, ಹೆಚ್ಚು ದನಗಳನ್ನು ಮುಟ್ಟಿದವು. ಕೊಲ್ಲುವ ಸುತ್ತುಗಳು ಮುಂದುವರಿದಂತೆ ಉಳಿದ ಬ್ಯಾಜರ್‌ಗಳಲ್ಲಿ ಸೋಂಕಿನ ಪ್ರಮಾಣವೂ ಏರಿತು. ವೈಥಮ್ ಕಾಡಿನ ಹಕ್ಕಿಗಳಲ್ಲಿ ಕಂಡದ್ದೇ ಇಲ್ಲಿ ರೋಗವನ್ನೂ ಹೊತ್ತುಕೊಂಡು ನಡೆದಿತ್ತು.

ಪೂರಾ ಕೊಂದ ತುಂಡುಗಳ ಕತೆ ಇನ್ನೂ ಜಟಿಲ. 2007ರ ಅಂತಿಮ ವರದಿಯ ಲೆಕ್ಕದಂತೆ ತುಂಡಿನ ಒಳಗೆ ದನದ ಕ್ಷಯ ಸುಮಾರು ಶೇ. 23 ಇಳಿಯಿತು, ಹೊರಗೆ ಎರಡು ಕಿಲೋಮೀಟರಿನ ಅಂಚಿನಲ್ಲಿ ಸುಮಾರು ಶೇ. 25 ಏರಿತು. ಅಂಚು ಎಂದರೆ ಕಡಿಮೆ ನೆಲವಲ್ಲ. 100 ಚದರ ಕಿಲೋಮೀಟರಿನ ಒಂದು ದುಂಡು ಸೀಮೆ ಎಂದುಕೊಂಡರೆ ಅದರ ಸುತ್ತಲಿನ ಎರಡು ಕಿಲೋಮೀಟರಿನ ಬಳೆಯೇ 80 ಚದರ ಕಿಲೋಮೀಟರ್ ಮೀರುತ್ತದೆ. ಒಳಗಿನ ರೈತನಿಗೆ ಆದ ಲಾಭಕ್ಕೆ ಬಳೆಯೊಳಗಿನ ರೈತ ದಂಡ ತೆರುತ್ತಿದ್ದ. ಫಲಾನುಭವಿಗಳ ಪಟ್ಟಿ ಹಿಡಿದು ಯೋಜನೆಯ ಗೆಲುವು ಅಳೆಯುವವರು ಪಟ್ಟಿಯ ಹೊರಗಿನ ಈ ಬಳೆಯನ್ನು ನೋಡುವುದೇ ಇಲ್ಲ. ಪ್ರಾಣಿಗೆ ನಕ್ಷೆಯ ಗೆರೆ ಗೊತ್ತಿಲ್ಲ, ರೋಗಕ್ಕೂ ಗೊತ್ತಿಲ್ಲ.

ಇನ್ನೊಂದು ಸಂಗತಿ ಪ್ರಯೋಗದ ಯೋಜನೆಯಲ್ಲೇ ಇರಲಿಲ್ಲ. ಕಾಲುಬಾಯಿ ಜ್ವರದ ಕಾಲದಲ್ಲಿ ದನಗಳ ಕ್ಷಯ ಪರೀಕ್ಷೆ ನಿಂತಿತ್ತು, ಸೋಂಕಿದ ದನಗಳು ಕೊಟ್ಟಿಗೆಯಲ್ಲೇ ಉಳಿದವು. ಅದರ ಬೆನ್ನಿಗೇ ಬ್ಯಾಜರ್‌ಗಳಲ್ಲಿ ಕ್ಷಯ ಏರಿದ್ದು ಕಂಡಿತು. ಅಂದರೆ ರೋಗ ಬಿಲದಿಂದ ಕೊಟ್ಟಿಗೆಗೆ ಹೋದಂತೆ ಕೊಟ್ಟಿಗೆಯಿಂದ ಬಿಲಕ್ಕೂ ಹೋಗುತ್ತದೆ. ಜ್ವರದಲ್ಲಿ ದನ ಕಳೆದುಕೊಂಡವರು ಬೇರೆ ಜಿಲ್ಲೆಗಳಿಂದ ದನ ತಂದು ಮಂದೆ ತುಂಬಿಸಿಕೊಂಡಾಗ ಉತ್ತರದ ಕಂಬ್ರಿಯಾದಂಥ, ಕ್ಷಯ ಹೆಚ್ಚುಕಡಿಮೆ ಇಲ್ಲದ ಕಡೆಗೂ ಅದು ಲಾರಿಯಲ್ಲಿ ಪಯಣಿಸಿತು.

ಇದನ್ನೆಲ್ಲ ಓದುವಾಗ ಹಾಸನ ಜಿಲ್ಲೆ ನೆನಪಾಗದಿರುವುದಿಲ್ಲ. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಅದಾದ ಮೇಲೂ ಆಲೂರು, ಸಕಲೇಶಪುರ, ಬೇಲೂರಿನ ಕಾಫಿ ತೋಟಗಳಲ್ಲಿ ಆನೆಗಳಿವೆ, ಜನರ ಸಾವು ನಿಂತಿಲ್ಲ. ಆನೆ ಬ್ಯಾಜರ್ ಅಲ್ಲ, ತೋಟ ಗಾವಲಲ್ಲ. ಅಲ್ಲಿಯ ಉತ್ತರವನ್ನು ಇಲ್ಲಿಗೆ ಎತ್ತಿಕೊಂಡು ಬರಲಾಗದು. ಆದರೆ ಪ್ರಶ್ನೆಯನ್ನು ತರಬಹುದು. ಕಂದಕ, ಸೋಲಾರ್ ಬೇಲಿ, ರೈಲ್ವೆ ಹಳಿಯ ತಡೆ, ಪುಂಡಾನೆ ಸೆರೆ ಎಂದು ನಾವು ಒಂದಾದ ಮೇಲೊಂದು ಮಾಡುತ್ತ ಬಂದಿದ್ದೇವೆ. ತಡೆ ಹಾಕಿದ ಊರಿನಲ್ಲಿ ಆನೆ ಕಡಿಮೆಯಾದರೆ ಅದನ್ನು ಗೆಲುವೆಂದು ಬರೆದುಕೊಳ್ಳುತ್ತೇವೆ. ಆ ಆನೆ ಪಕ್ಕದ ಯಾವ ಊರಿಗೆ ಹೋಯಿತೆಂದು ಆ ಊರಿನ ಕೂಲಿಯವರು ಬಲ್ಲರು, ನಮ್ಮ ಕಡತ ಬಲ್ಲದೆ? ಹೋಲುವ ಊರುಗಳನ್ನು ಜೋಡಿಸಿ, ಮೊದಲು ಯಾವ ಊರಿಗೆ ಎಂಬುದನ್ನು ಚೀಟಿಗೆ ಬಿಟ್ಟು, ಉಳಿದ ಊರುಗಳನ್ನೂ ಅಂಚಿನ ಊರುಗಳನ್ನೂ ಅಷ್ಟೇ ಶ್ರದ್ಧೆಯಿಂದ ವರ್ಷಗಟ್ಟಲೆ ನೋಡುವುದು ನಮ್ಮಿಂದ ಆಗದ ಕೆಲಸವೇನಲ್ಲ. ಹೇಗೂ ಎಲ್ಲ ಊರಿಗೂ ಒಂದೇ ವರ್ಷ ಬೇಲಿ ಹಾಕುವಷ್ಟು ಹಣ ಇರುವುದಿಲ್ಲ. ಸರದಿಯನ್ನು ಶಿಫಾರಸು ತೀರ್ಮಾನಿಸುವುದರ ಬದಲು ಚೀಟಿ ತೀರ್ಮಾನಿಸಲಿ.

ಸುಮ್ಮನೆ ಬಿಟ್ಟ ತುಂಡಿನ ರೈತನ ಗತಿಯೇನು ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗ್ಲಾಸ್ಟರ್‌ಶೈರ್‌ನ ಹಾಲಿನ ರೈತರೊಬ್ಬರು ನನಗೆ ಹೇಳಿದ್ದು ಇದನ್ನೇ: ತಮ್ಮ ಹಸು ಸಾಯುವಾಗ ಯಾರೋ ಬಂದು ಬಿಲ ಎಣಿಸಿಕೊಂಡು ಹೋಗುವುದನ್ನು ಸಹಿಸುವುದು ಕಷ್ಟ. ಹೌದು, ಕಷ್ಟ. ಆದರೆ ಲೆಕ್ಕ ಬಂದ ಮೇಲೆ ನೋಡಿದರೆ ರೋಗ ಬಂದ ಮನೆಯ ಸುತ್ತ ಕೊಂದ ತುಂಡಿನ ರೈತನಿಗಿಂತ ಬಿಟ್ಟ ತುಂಡಿನವನೇ ವಾಸಿಯಾಗಿದ್ದ. ಯಾರಿಗೆ ಉಪಕಾರ, ಯಾರಿಗೆ ಅನ್ಯಾಯ ಎಂಬುದು ಶುರುವಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ಮಾತ್ರ ಇಂಥ ಪ್ರಯೋಗಕ್ಕೆ ಅರ್ಹತೆ. ಗೊತ್ತಿದ್ದೂ ಒಬ್ಬರಿಂದ ತಡೆಹಿಡಿದರೆ ಅದು ಕ್ರೌರ್ಯ.

ಬ್ಯಾಜರ್ ಕೊಲ್ಲುವುದರಿಂದ ದನದ ಕ್ಷಯ ಹತೋಟಿಗೆ ಅರ್ಥವತ್ತಾದ ಸಹಾಯವಾಗದು ಎಂದು ಬೋರ್ನ್ ತಂಡ 2007ರಲ್ಲಿ ಹೇಳಿತು. ಅದೇ ವರ್ಷ ಸರಕಾರದ ಮುಖ್ಯ ವಿಜ್ಞಾನ ಸಲಹೆಗಾರ ಡೇವಿಡ್ ಕಿಂಗ್ ಅವೇ ಅಂಕಿಗಳನ್ನು ನೋಡಿ, ನದಿ, ಕಡಲಂಥ ಗಟ್ಟಿ ಗಡಿಗಳಿರುವ ದೊಡ್ಡ ಸೀಮೆಯಲ್ಲಿ ಕೊಂದರೆ ಫಲವುಂಟು ಎಂದರು. ಕೊಲ್ಲುವುದು ನಿಂತ ಮೇಲೆ ಅಂಚಿನ ಹಾನಿ ಬೇಗ ಕರಗಿ, ಒಳಗಿನ ಲಾಭ ಕೆಲವು ವರ್ಷ ಉಳಿದದ್ದೂ ಆಮೇಲೆ ಕಂಡಿತು. 2008ರಲ್ಲಿ ಸರಕಾರ ಕೊಲ್ಲುವುದಿಲ್ಲವೆಂದಿತು. ಸರಕಾರ ಬದಲಾಗಿ 2013ರಲ್ಲಿ ಸಾಮರ್‌ಸೆಟ್, ಗ್ಲಾಸ್ಟರ್‌ಶೈರ್‌ಗಳಲ್ಲಿ ಕೊಲ್ಲುವುದು ಮತ್ತೆ ಶುರುವಾಯಿತು, ಜಿಲ್ಲೆಯಿಂದ ಜಿಲ್ಲೆಗೆ ಹರಡಿತು. ಅಂದಿನಿಂದ ಎರಡು ಲಕ್ಷಕ್ಕೂ ಹೆಚ್ಚು ಬ್ಯಾಜರ್ ಸತ್ತಿವೆ. ಈ ಸಲ ಚೀಟಿ ಎತ್ತಲಿಲ್ಲ, ಹೋಲಿಸಿ ನೋಡಲೆಂದು ಯಾವ ತುಂಡನ್ನೂ ಮೊದಲೇ ಗೊತ್ತುಮಾಡಿ ಬಿಡಲಿಲ್ಲ. ಹಾಗಾಗಿ ಹತ್ತು ಸಾವಿರದಿಂದ ಕಲಿತಷ್ಟನ್ನು ಎರಡು ಲಕ್ಷದಿಂದ ಕಲಿಯಲಾಗಲಿಲ್ಲ. ನನಗೆ ಅತಿ ನೋವಾಗುವುದು ಇಲ್ಲಿ. ವಿಜ್ಞಾನಿಗಳು 2024ರಲ್ಲೂ ಜಗಳವಾಡುತ್ತಿದ್ದದ್ದು ಹಳೆಯ 30 ತುಂಡುಗಳ ಅಂಕಿಗಳನ್ನೇ ಮತ್ತೆ ಲೆಕ್ಕ ಹಾಕಿ. ಒಳಗಿನ ಆ ಇಳಿಕೆಯೂ ನಿಜವೇ ಎಂದು ಒಂದು ತಂಡ ಕೇಳಿತು, ನಿಜವೆಂದು ಇನ್ನೊಂದು ತಂಡ ಉತ್ತರಿಸಿತು.

2024ರ ಆಗಸ್ಟ್‌ನಲ್ಲಿ ಹೊಸ ಸರಕಾರ ತನ್ನ ಅವಧಿ ಮುಗಿಯುವುದರೊಳಗೆ ಕೊಲ್ಲುವುದನ್ನು ನಿಲ್ಲಿಸುವುದಾಗಿಯೂ ಬ್ಯಾಜರ್‌ಗಳಿಗೆ ಲಸಿಕೆ ಹಾಕುವುದಾಗಿಯೂ ಹೇಳಿತು. ಮಕ್ಕಳಿಗೆ ಕೊಡುವ ಬಿಸಿಜಿಯೇ ಆ ಲಸಿಕೆ. ಬೋನಿನಲ್ಲಿ ಹಿಡಿದು, ಚುಚ್ಚಿ, ಅಲ್ಲೇ ಬಿಡುತ್ತಾರೆ, ಪ್ರಾಣಿ ತನ್ನ ಬಿಲಕ್ಕೂ ತನ್ನ ಗಡಿಗೂ ಹಿಂದಿರುಗುತ್ತದೆ. ಬ್ಯಾಜರ್‌ಗಳಲ್ಲಿ ಅದು ರೋಗವನ್ನು ತಗ್ಗಿಸುತ್ತದೆ ಎಂಬುದು ಗ್ಲಾಸ್ಟರ್‌ಶೈರ್‌ನಲ್ಲೇ ಕಂಡಿದೆ. ಅದರಿಂದ ದನಗಳಿಗೆ ಎಷ್ಟು ಲಾಭ ಎಂದು ತಿಳಿಯಲು 1998ರಂತೆ ಮೂವತ್ತು ತುಂಡು ನೆಲ ಹಂಚಿ ನೋಡುವ ಕೆಲಸಕ್ಕೆ ಇಂಗ್ಲೆಂಡಿನಲ್ಲಿ ಇನ್ನೂ ಯಾರೂ ಕೈಹಾಕಿಲ್ಲ.